ಎಲ್ಲ ಥ್ರೆಡ್‌ಗಳಿಗೂ ಒಂದೇ ನಂಬರ್ ಯಾಕೆ?

ಪ್ರಶ್ನೆ: ಸರ್, ಲಿನಕ್ಸ್‌ನಲ್ಲಿ ನಾಲ್ಕು ಥ್ರೆಡ್ ಓಡಿಸುವ ಸಿ ಪ್ರೋಗ್ರಾಂ ಬರೆದಿದ್ದೇನೆ. ಲಾಗ್‌ನ ಯಾವ ಸಾಲು ಯಾವ ಥ್ರೆಡ್ಡಿನದೆಂದು ತಿಳಿಯಲು ಗೆಟ್‌ಪಿಐಡಿ ಕರೆದರೆ ನಾಲ್ಕಕ್ಕೂ ಒಂದೇ ಸಂಖ್ಯೆ. ಪಿಥ್ರೆಡ್_ಸೆಲ್ಫ್ ಕರೆದರೆ 15 ಅಂಕಿಯ ಸಂಖ್ಯೆ. ಟಾಪ್‌ನಲ್ಲಿ ಅದು ಎಲ್ಲೂ ಕಾಣುವುದಿಲ್ಲ. ಯಾವುದನ್ನು ನಂಬಲಿ?
– ಬಿ.ಇ. ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಎರಡೂ ಸರಿಯಾಗಿಯೇ ಹೇಳುತ್ತಿವೆ, ಆದರೆ ನಿಮಗೆ ಬೇಕಾದ್ದನ್ನಲ್ಲ. ಗೆಟ್‌ಪಿಐಡಿ ಕೊಡುವುದು ಇಡೀ ಪ್ರೋಸೆಸ್‌ನ ಸಂಖ್ಯೆ. ಕರ್ನಲ್ ಒಳಗೆ ಅದರ ಹೆಸರು ಟಿಜಿಐಡಿ, ಅಂದರೆ ಥ್ರೆಡ್ ಗುಂಪಿನ ಸಂಖ್ಯೆ. ಪ್ರತಿ ಥ್ರೆಡ್ಡಿಗೂ ಬೇರೆ ಪಿಐಡಿ ಬರುತ್ತದೆಂದು ಹಳೆಯ ಪುಸ್ತಕದಲ್ಲಿ ಓದಿದ್ದರೆ, ಅದು ಲಿನಕ್ಸ್‌ಥ್ರೆಡ್ಸ್ ಎಂಬ ಹಳೆಯ ಥ್ರೆಡ್ ಲೈಬ್ರರಿಯ ಕಾಲದ ಮಾತು. ಅದರ ಜಾಗಕ್ಕೆ ಎನ್‌ಪಿಟಿಎಲ್ ಬಂದಮೇಲೆ ಆ ಪದ್ಧತಿ ಹೋಯಿತು.

ಪಿಥ್ರೆಡ್_ಸೆಲ್ಫ್‌ನ ಆ ಉದ್ದ ಸಂಖ್ಯೆ ಗ್ಲಿಬ್‌ಸಿಯಲ್ಲಿ ಒಂದು ಮೆಮೊರಿ ವಿಳಾಸ ಅಷ್ಟೇ. ಅದು ಲೈಬ್ರರಿಯ ಗುರುತು, ಕರ್ನಲ್‌ಗೆ ಅದರ ಗೊಡವೆಯಿಲ್ಲ. ಟಾಪ್‌ನಲ್ಲಿ ಸಿಗದಿರುವುದು ಅದಕ್ಕೇ. ಅದು ಪೂರ್ಣಾಂಕವೇ ಆಗಿರಬೇಕೆಂಬ ನಿಯಮವೂ ಪಾಸಿಕ್ಸ್‌ನಲ್ಲಿಲ್ಲ. ಇಂಥ ಎರಡು ಗುರುತುಗಳನ್ನು ಹೋಲಿಸುವಾಗ ಸಮ ಚಿಹ್ನೆ ಬಿಟ್ಟು ಪಿಥ್ರೆಡ್_ಈಕ್ವಲ್ ಬಳಸಿ.

ನಿಮಗೆ ಬೇಕಾದದ್ದು ಗೆಟ್‌ಟಿಐಡಿ. ಕರ್ನಲ್ ಪ್ರತಿ ಥ್ರೆಡ್ಡಿಗೂ ಕೊಟ್ಟ ಸಂಖ್ಯೆ, ಅಂದರೆ ಟಿಐಡಿ, ಇದು. ಮುಖ್ಯ ಥ್ರೆಡ್ಡಿನಲ್ಲಿ ಮಾತ್ರ ಪಿಐಡಿಗೆ ಸಮ. ಈ ಸಿಸ್ಟಂ ಕಾಲ್ ಬಹಳ ಹಿಂದಿನಿಂದಲೂ ಇದ್ದರೂ ಗ್ಲಿಬ್‌ಸಿ ಇದಕ್ಕೊಂದು ಫಂಕ್ಷನ್ ಕೊಟ್ಟಿದ್ದು 2019ರಲ್ಲಿ, 2.30 ಆವೃತ್ತಿಯಲ್ಲಿ. ಅಲ್ಲಿಯವರೆಗೆ ಎಲ್ಲರೂ ಸಿಸ್‌ಕಾಲ್ ಫಂಕ್ಷನ್ನಿಗೆ ಎಸ್‌ವೈಎಸ್_ಗೆಟ್‌ಟಿಐಡಿ ಕೊಟ್ಟು ಕೆಲಸ ಸಾಗಿಸುತ್ತಿದ್ದರು. ಕಾಲೇಜು ಲ್ಯಾಬಿನ ಹಳೆಯ ಯಂತ್ರಗಳಲ್ಲಿ ನೀವೂ ಹಾಗೇ ಮಾಡಬೇಕಾದೀತು. ಹೊಸತರಲ್ಲಿ ಹೆಡರ್‌ಗಳಿಗಿಂತ ಮೊದಲೇ _ಗ್ನು_ಸೋರ್ಸ್ ಡಿಫೈನ್ ಮಾಡುವುದನ್ನು ಮರೆಯಬೇಡಿ.

ಈಗ ಟಾಪ್ ತೆರೆದು ದೊಡ್ಡಕ್ಷರದ ಎಚ್ ಒತ್ತಿ. ಲಾಗ್‌ನ ಸಂಖ್ಯೆಗಳೇ ಅಲ್ಲಿ ಸಾಲಾಗಿ ಕಾಣುತ್ತವೆ. ಜಿಡಿಬಿಯಲ್ಲಿ ಎಲ್‌ಡಬ್ಲ್ಯುಪಿ ಎಂದು ಬರುವುದೂ ಇದೇ. ಆದರೆ ಇದು ಲಿನಕ್ಸ್‌ನ ಮಾತು. ಮ್ಯಾಕ್‌ನಲ್ಲಿ ಪಿಥ್ರೆಡ್_ಥ್ರೆಡ್‌ಐಡಿ_ಎನ್‌ಪಿ, ವಿಂಡೋಸ್‌ನಲ್ಲಿ ಗೆಟ್‌ಕರೆಂಟ್‌ಥ್ರೆಡ್‌ಐಡಿ.

ಪ್ರಶ್ನೆ: ಟಿಐಡಿಯನ್ನೇ ಕೀ ಮಾಡಿಕೊಂಡು ಪ್ರತಿ ಥ್ರೆಡ್ಡಿನ ಲೆಕ್ಕವನ್ನು ಒಂದು ಟೇಬಲ್‌ನಲ್ಲಿ ಇಟ್ಟರೆ ಹೇಗೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಬೇಡ. ಥ್ರೆಡ್ ಮುಗಿದಮೇಲೆ ಅದೇ ಸಂಖ್ಯೆ ಮುಂದೊಮ್ಮೆ ಬೇರೆ ಥ್ರೆಡ್ಡಿಗೆ ಹೋಗಬಹುದು. ಹಳೆಯವನ ಬಾಕಿ ಹೊಸಬನ ತಲೆಗೆ ಬರುತ್ತದೆ. ಸಿ11ರ _ಥ್ರೆಡ್_ಲೋಕಲ್ ಚರಾಕ್ಷರ ಬಳಸಿ, ಪ್ರತಿ ಥ್ರೆಡ್ಡಿಗೂ ತನ್ನದೇ ಪ್ರತಿ ಸಿಗುತ್ತದೆ. ಗುರುತಷ್ಟೇ ಸಾಕಾದರೆ ಪಿಥ್ರೆಡ್_ಸೆಟ್‌ನೇಮ್_ಎನ್‌ಪಿ ಮೂಲಕ ಹೆಸರಿಡಿ. ಕೊನೆಯ ಶೂನ್ಯ ಸೇರಿ 16 ಬೈಟ್ ಮೀರಬಾರದು. ಕನ್ನಡದಲ್ಲಿ ಹೆಸರಿಡುವ ಆಸೆಯಿದ್ದರೆ ನೆನಪಿಡಿ: ಯುಟಿಎಫ್-8ರಲ್ಲಿ ನಮ್ಮ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು, ಐದಕ್ಕೇ ಜಾಗ ಮುಗಿಯುತ್ತದೆ.