ಹೆಚ್ಚು ಗಳಿಸಿ ಹೆಚ್ಚು ದಾಸೋಹ: ಒಂದು ವಿಚಾರ



ಸೋಲಾಪುರದ ಕಡೆಯ ತರುಣರೊಬ್ಬರು ಮಠಕ್ಕೆ ಬಂದಾಗ ಕೇಳಿದರು: “ಅಜ್ಜಾರ, ನೌಕರಿ ಬಿಟ್ಟು ಸ್ವಂತ ಧಂದೆ ಮಾಡಬೇಕಂತೀನಿ. ಹೆಚ್ಚು ಗಳಿಸಿದರ ದಾಸೋಹಕ್ಕೂ ಹೆಚ್ಚು ಕೊಡಬಹುದಲ್ರೀ. ಇದು ಆಸೆ ಆಗತೈತೇನು?” ಒಳ್ಳೆಯ ಪ್ರಶ್ನೆ. ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ.

ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ಕಥೆ ಎಲ್ಲರಿಗೂ ಗೊತ್ತು. ಲಿಂಗಸೂಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಇವರದು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವ ಕಾಯಕ. ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಲಕ್ಕಮ್ಮನವರು ತಿರುಗಿ ಕಳಿಸಿದರು. ಹಾಗಾದರೆ ಹೆಚ್ಚು ಗಳಿಸುವುದೇ ತಪ್ಪೇ? ಲಕ್ಕಮ್ಮನವರು ನೋಡಿದ್ದು ಅಕ್ಕಿಯ ಅಳತೆಯನ್ನಲ್ಲ, ಅದನ್ನು ತಂದ ಮನಸ್ಸನ್ನು ಎಂದು ನನ್ನ ಭಾವನೆ. ದಾಸೋಹದ ಹೆಸರಿನಲ್ಲಿಯೂ ಆಸೆ ಒಳಗೆ ಬರಬಲ್ಲದು. ತೂಕದಲ್ಲಿ ಕಡಿಮೆ ಕೊಟ್ಟು, ಕೂಲಿಯವರ ಪಗಾರ ಹಿಡಿದಿಟ್ಟು, ಜಾತ್ರೆಯ ಪ್ರಸಾದಕ್ಕೆ ಹತ್ತು ಚೀಲ ಅಕ್ಕಿ ಕಳಿಸಿದರೆ ಅದು ದಾಸೋಹವಾಗುವುದಿಲ್ಲ.

ಆದರೆ ವ್ಯಾಪಾರದ ಗಳಿಕೆ ಸಮಾಜಕ್ಕೆ ನೆರಳಾದ ಉದಾಹರಣೆಯೂ ಕಣ್ಣ ಮುಂದಿದೆ. 1838ರಲ್ಲಿ ಹುಟ್ಟಿದ ಗುಬ್ಬಿ ತೋಟದಪ್ಪನವರು ಬೆಂಗಳೂರಿನಲ್ಲಿ ವ್ಯಾಪಾರ ಮಾಡಿದವರು. ರೈಲು ಇಳಿದು ಬಂದವರಿಗೆ ತಂಗಲು ಜಾಗವಿಲ್ಲದ್ದನ್ನು ಕಂಡು ನಿಲ್ದಾಣದ ಹತ್ತಿರವೇ ಧರ್ಮಛತ್ರ ಕಟ್ಟಿಸಿದರು. ಅದು 1903ರಲ್ಲಿ ತೆರೆಯಿತು. ವಿದ್ಯಾರ್ಥಿಗಳಿಗೆ ವಸತಿಯನ್ನೂ ಕಲ್ಪಿಸಿ, ಎಲ್ಲವನ್ನೂ ಟ್ರಸ್ಟಿಗೆ ಒಪ್ಪಿಸಿದರು. 1910ರಲ್ಲಿ ಅವರು ಲಿಂಗೈಕ್ಯರಾದರೂ ಛತ್ರ ನಿಲ್ಲಲಿಲ್ಲ. ತಾನಿರುವಾಗ ಕೊಡುವುದು ಒಂದು, ತಾನಿಲ್ಲದಾಗಲೂ ನಡೆಯುವಂತೆ ವ್ಯವಸ್ಥೆ ಮಾಡುವುದು ಇನ್ನೊಂದು. ಎರಡನೆಯದಕ್ಕೆ ವ್ಯಾಪಾರಿಯ ಬುದ್ಧಿಯೇ ಬೇಕು.

ಈಗ ಲೆಕ್ಕಕ್ಕೆ ಬರೋಣ. ನಮ್ಮವರು ಮುಗ್ಗರಿಸುವುದು ಇಲ್ಲಿಯೇ. ಒಬ್ಬ ತಾಯಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುತ್ತಾರೆಂದು ತಿಳಿಯಿರಿ. ತಿಂಗಳ ಮಾರಾಟ 60,000 ರೂಪಾಯಿ. ಜೋಳ, ಶೇಂಗಾ, ಉರುವಲು, ಚೀಲಕ್ಕೆ 32,000. ರೊಟ್ಟಿ ಬಡಿಯುವ ಇಬ್ಬರು ಹೆಣ್ಣುಮಕ್ಕಳ ಕೂಲಿ 14,000. ಸಾಲದ ಕಂತು 3,000. ಉಳಿದದ್ದು 11,000. ಅದರಲ್ಲಿ ಅವರ ದುಡಿಮೆಯ ಪಾಲು, ಅಂದರೆ ಮನೆಯ ಖರ್ಚು, 8,000. ಮಿಕ್ಕ 3,000ದಲ್ಲಿ ಅರ್ಧವನ್ನು ಜೋಳದ ಧಾರಣೆ ಏರುವ ದಿನಗಳಿಗೆಂದು ಎತ್ತಿಟ್ಟರೆ ದಾಸೋಹಕ್ಕೆ 1,500.

“ಇಷ್ಟೇನಾ?” ಎಂದು ಮುಖ ಸಣ್ಣದು ಮಾಡಬೇಡಿ. ಭಕ್ತಿಯ ಭರದಲ್ಲಿ ಮಾರಾಟದ ಹತ್ತನೆಯ ಒಂದು ಭಾಗ, ಅಂದರೆ 6,000, ಕೊಡುತ್ತೇನೆಂದು ಸಂಕಲ್ಪ ಮಾಡಿದರೆ ಉಳಿಯುವುದು 5,000. ಮನೆ ನಡೆಯುವುದಿಲ್ಲ, ಮೊದಲು ತಪ್ಪುವುದು ಆ ಇಬ್ಬರ ಕೂಲಿ, ಆಮೇಲೆ ಸಾಲದ ಕಂತು. ಗಲ್ಲೆಯಲ್ಲಿ ಬಿದ್ದ ಹಣವೆಲ್ಲ ಲಾಭವಲ್ಲ. ಬಂಡವಾಳ ಕರಗಿಸಿ ಕೊಟ್ಟವರು ಮರುವರ್ಷ ಕೊಡಲಾರರು. (ಮಠದವರಾದ ನಾವೂ ಕೇಳುವಾಗ ಇದನ್ನು ನೆನಪಿಡಬೇಕು.)

ಇನ್ನು ಕೊಟ್ಟವನ ಹೆಸರಿನ ಮಾತು. ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸುತ್ತಿದ್ದಾಗಲೇ ಅಲ್ಲಮಪ್ರಭುಗಳು ಬಂದು ಅವರನ್ನು ಕೆಣಕಿದರೆಂದು ಶೂನ್ಯಸಂಪಾದನೆ ಹೇಳುತ್ತದೆ. ಕೆರೆ ಬೇಡವೆಂದಲ್ಲ, ಕಟ್ಟಿಸಿದವನು ನಾನು ಎಂಬುದು ಅಂಟಿಕೊಳ್ಳಬಾರದೆಂದು. ದಾಸೋಹದಲ್ಲಿ ಕೊಡುವವನೇ ದಾಸ. ಕಲ್ಲಿನ ಮೇಲೆ ಹೆಸರು ಕೆತ್ತಿಸುವ ಖರ್ಚಿನಲ್ಲಿ ಒಬ್ಬ ಹುಡುಗನ ಕನ್ನಡ ಶಾಲೆಯ ಪುಸ್ತಕ ಬರುತ್ತವೆ.

ಆ ತರುಣರಿಗೆ ನಾನು ಹೇಳಿದ್ದು: ಧಂದೆ ಮಾಡ್ರಿ. ಆರು ತಿಂಗಳು ನೌಕರಿಯ ಜೊತೆಗೇ ನಡೆಸಿ ನೋಡ್ರಿ. ಮನೆಯ ದುಡ್ಡು, ಅಂಗಡಿಯ ದುಡ್ಡು, ದಾಸೋಹದ ದುಡ್ಡು ಮೂರನ್ನೂ ಬೇರೆ ಬೇರೆ ವಹಿಯಲ್ಲಿ ಬರೀರಿ. ಮುಂದಿನ ಅಮಾವಾಸ್ಯೆಯ ಶಿವಾನುಭವ ಗೋಷ್ಠಿಗೆ ಬರುವಾಗ ಆ ವಹಿಯನ್ನೂ ತರ್ರಿ, ಕೂತು ನೋಡೋಣ. ಉಳಿದ ಅಂಗಡಿಕಾರ ಬಂಧುಗಳೂ ತಮ್ಮ ತಮ್ಮ ವಹಿಗಳೊಡನೆ ಬರಬಹುದು.