ಕೈಕೆಲಸದ ಆಭರಣಗಳ ಆನ್‌ಲೈನ್ ಮಾರಾಟ: ಸರಕಿನ ಪುಟ ಸಿದ್ಧಪಡಿಸುವ ಕ್ರಮ

ಕೊಪ್ಪಳ ಜಿಲ್ಲೆಯಲ್ಲಿ ಗಂಗಾವತಿಯ ಕಾಲುವೆ ಪ್ರದೇಶವನ್ನು ಬಿಟ್ಟರೆ ಯಲಬುರ್ಗಾ, ಕುಷ್ಟಗಿ ಮತ್ತು ಕೊಪ್ಪಳದ ಬಹುಭಾಗ ಮಳೆಯನ್ನೇ ನಂಬಿದ ಬೇಸಾಯದ ಪ್ರದೇಶ. ಹಿಂಗಾರಿ ಜೋಳ, ಕಡಲೆಗಳ ರಾಶಿ ಮುಗಿದ ಮೇಲೆ ಮುಂಗಾರು ಬರುವವರೆಗೆ ಹೊಲದಲ್ಲಿ ಹೆಚ್ಚು ಕೆಲಸವಿರುವುದಿಲ್ಲ. ಈ ಅವಧಿಯಲ್ಲಿ ಹಳ್ಳಿಗಳಿಂದಲೂ ತಾಂಡಾಗಳಿಂದಲೂ ಅನೇಕ ಕುಟುಂಬಗಳು ದುಡಿಮೆ ಅರಸಿ ಗುಳೆ ಹೋಗುತ್ತವೆ. ಮನೆಯಲ್ಲೇ ಕುಳಿತು ಮಾಡುವ ಉಪಕಸುಬಿನಿಂದ ನಾಲ್ಕು ಕಾಸು ಬಂದರೆ ಹೆಣ್ಣುಮಕ್ಕಳೂ ಮಕ್ಕಳೂ ಊರಿನಲ್ಲೇ ಉಳಿಯಬಹುದು. ಮಕ್ಕಳ ಶಾಲೆ ತಪ್ಪುವುದಿಲ್ಲ.

ಕವಡೆ, ಗಾಜಿನ ಮಣಿ, ಕನ್ನಡಿ ಚೂರು, ನಾಣ್ಯ ಮತ್ತು ಉಣ್ಣೆಯ ಗೊಂಡೆಗಳಿಂದ ಆಭರಣ ಮಾಡುವುದು ಲಂಬಾಣಿ ಮಹಿಳೆಯರಿಗೆ ಹಿಂದಿನಿಂದ ಬಂದ ವಿದ್ಯೆ. 2023ರ ಜುಲೈನಲ್ಲಿ ತುಂಗಭದ್ರೆಯ ಆಚೆ ದಡದ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರ ಕೈಯಿಂದ ಆದ 1,755 ವಸ್ತುಗಳನ್ನು ಪ್ರದರ್ಶಿಸಲಾಯಿತು; ಅದು ಗಿನ್ನೆಸ್ ದಾಖಲೆಗೂ ಸೇರಿತು. ಕೆಲಸಕ್ಕೆ ಮೆಚ್ಚುಗೆಯ ಕೊರತೆ ಇಲ್ಲ. ಆದರೆ ಮೇಳದಲ್ಲಿ ಕೈಗೆತ್ತಿಕೊಂಡು ಮೆಚ್ಚಿದ ಹಾರ, ಮೊಬೈಲ್ ಫೋನಿನಲ್ಲಿ ಮಾರಾಟವಾಗದೆ ಉಳಿಯುವುದೂ ಮಾರಾಟವಾದದ್ದು ವಾಪಸು ಬರುವುದೂ ಸಾಮಾನ್ಯ. ಇದಕ್ಕೆ ಕಾರಣ ಬಹಳ ಸಲ ಹಾರವಲ್ಲ, ಅದರ ಪುಟ.

ಜಾಲತಾಣದಲ್ಲಿ ಒಂದು ಸರಕಿನ ಚಿತ್ರ, ಹೆಸರು, ವಿವರ ಮತ್ತು ಬೆಲೆ ಇರುವ ಪುಟವನ್ನು ವ್ಯಾಪಾರಿಗಳು ‘ಲಿಸ್ಟಿಂಗ್’ ಎನ್ನುತ್ತಾರೆ. ಎ.ಪಿ.ಎಂ.ಸಿ. ಅಂಗಳದಲ್ಲಿ ಖರೀದಿದಾರನು ಚೀಲಕ್ಕೆ ಕೈ ಹಾಕಿ ಒಂದು ಮುಷ್ಟಿ ಕಾಳು ತೆಗೆದು, ಕಚ್ಚಿ ನೋಡಿ ದರ ಹೇಳುತ್ತಾನೆ. ದೂರದ ಊರಿನ ಗಿರಾಕಿಗೆ ಆ ಅವಕಾಶವಿಲ್ಲ. ಮುಟ್ಟಿ, ತೂಗಿ, ಕೊರಳಿಗೆ ಹಿಡಿದು ನೋಡಿದಾಗ ತಿಳಿಯುವುದನ್ನೆಲ್ಲ ಈ ಪುಟವೇ ಅವರಿಗೆ ತಿಳಿಸಬೇಕು.

ವಾಪಸಾತಿಯ ನಷ್ಟ

ಒಂದು ಹಾರದ ಬೆಲೆ 480 ರೂಪಾಯಿ ಎಂದಿಟ್ಟುಕೊಳ್ಳೋಣ. ಸಾಮಗ್ರಿಗೆ 90, ಡಬ್ಬಿಗೆ 20, ಸಾಗಣೆಗೆ 60, ಜಾಲತಾಣದ ಕಮಿಷನ್ ಶೇಕಡಾ 15ರಂತೆ 72 ರೂಪಾಯಿ ಹೋದರೆ ಉಳಿಯುವುದು 238. ಐದು ಗಂಟೆ ಕೂತು ಪೋಣಿಸಿದ ಕೂಲಿಯೂ ಲಾಭವೂ ಇದರಲ್ಲೇ ಸೇರಿವೆ. ಹತ್ತು ಹಾರ ಮಾರಿದರೆ 2,380 ರೂಪಾಯಿ ಕೈಗೆ ಬರುತ್ತದೆ. ಇವುಗಳಲ್ಲಿ ಎರಡು ವಾಪಸಾದರೆ, ಹೋಗಿ ಬರುವ ಸಾಗಣೆ ಮತ್ತು ಡಬ್ಬಿಯ ಬಾಬ್ತು ಒಂದಕ್ಕೆ 140ರಂತೆ 280 ರೂಪಾಯಿ ನಷ್ಟ. ಎಂಟು ಹಾರಗಳ 1,904 ರೂಪಾಯಿಯಲ್ಲಿ ಅದನ್ನು ಕಳೆದರೆ ಉಳಿಯುವುದು 1,624. ಹಾರಗಳು ಕೆಡದೆ ಮರಳಿದರೂ ಆ ತಿಂಗಳ ಗಳಿಕೆಯಲ್ಲಿ ಸುಮಾರು ಮೂರನೆಯ ಒಂದು ಭಾಗ ಕಡಿಮೆಯಾಯಿತು. ‘ಚಿತ್ರದಲ್ಲಿ ದೊಡ್ಡದಾಗಿ ಕಂಡಿತ್ತು’, ‘ಬಣ್ಣ ಬೇರೆ’, ‘ಬೆಳ್ಳಿ ಅಂದುಕೊಂಡಿದ್ದೆ’ ಎಂಬಂಥ ಕಾರಣಗಳಿಂದ ಬರುವ ವಾಪಸಾತಿಯನ್ನು ಪುಟ ಬರೆಯುವಾಗಲೇ ತಡೆಯಬಹುದು.

ಚಿತ್ರ ತೆಗೆಯುವುದು

ಇದಕ್ಕೆ ಬೆಲೆಬಾಳುವ ಕ್ಯಾಮೆರಾ ಬೇಕಿಲ್ಲ. ಬೆಳಗಿನ ಹೊತ್ತು ಪಡಸಾಲೆಯ ನೆರಳಿನಲ್ಲಿ, ಬಾಗಿಲ ಕಡೆಯಿಂದ ಬೆಳಕು ಬೀಳುವಲ್ಲಿ, ಇಸ್ತ್ರಿ ಮಾಡಿದ ಬಿಳಿಯ ಬಟ್ಟೆ ಹಾಸಿ ಆಭರಣವನ್ನಿಡಬೇಕು. ಮೊಬೈಲಿನ ಕಣ್ಣನ್ನು ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಎಣ್ಣೆ ಕೈ ಮುಟ್ಟಿದ ಗಾಜಿನಿಂದ ಚಿತ್ರಕ್ಕೆ ಮಂಜು ಕವಿದಂತಾಗುತ್ತದೆ. ಫ್ಲ್ಯಾಷ್ ದೀಪವನ್ನು ಬಳಸಲೇಬಾರದು. ಕನ್ನಡಿ ಚೂರುಗಳು ಅದಕ್ಕೆ ಹೊಳೆದು ಬಿಳಿ ಚುಕ್ಕೆಗಳಾಗಿಬಿಡುತ್ತವೆ, ಪಕ್ಕದ ನೂಲಿನ ಬಣ್ಣವೂ ಮಸುಕಾಗುತ್ತದೆ. ಮಟಮಟ ಮಧ್ಯಾಹ್ನದ ಬಿಸಿಲೂ ಸಲ್ಲದು.

ಮೊದಲ ಚಿತ್ರದಲ್ಲಿ ಆಭರಣವೊಂದೇ ಇರಲಿ. ಹೂವು, ಕುಂಕುಮದ ಭರಣಿ, ಸೀರೆಯ ಸೆರಗು ಇಟ್ಟು ಅಲಂಕರಿಸುವ ಆಸೆ ಸಹಜವಾದರೂ ಗಿರಾಕಿಗೆ ಯಾವುದು ಮಾರಾಟಕ್ಕಿದೆ ಎಂಬ ಗೊಂದಲವಾಗುತ್ತದೆ. ಎರಡನೆಯದರಲ್ಲಿ ಪಕ್ಕಕ್ಕೆ ಅಳತೆಪಟ್ಟಿ ಇಡಬೇಕು. ಮೂರನೆಯದು ಧರಿಸಿದಾಗಿನದು. ಹಾರ ಎದೆಯ ಯಾವ ಮಟ್ಟಕ್ಕೆ ಬರುತ್ತದೆ ಎಂಬುದನ್ನು ಮಾತಿನಲ್ಲಿ ಹೇಳುವುದಕ್ಕಿಂತ ಇದರಿಂದ ಬೇಗ ತಿಳಿಯುತ್ತದೆ. ಮುಖ ತೋರಿಸಬೇಕಾಗಿಲ್ಲ, ಕೊರಳಷ್ಟೇ ಸಾಕು. ಇನ್ನೊಂದರಲ್ಲಿ ಹಿಂಭಾಗವನ್ನೂ ಕೊಂಡಿಯನ್ನೂ ಹತ್ತಿರದಿಂದ ತೋರಿಸಬೇಕು. ಹಿಂಭಾಗ ಅಚ್ಚುಕಟ್ಟಾಗಿದ್ದರೆ ಕೈಕೆಲಸ ಬಲ್ಲ ಗಿರಾಕಿಗೆ ನಂಬಿಕೆ ಬರುತ್ತದೆ. ಬಣ್ಣ ಏರಿಸುವ ಫಿಲ್ಟರ್‌ಗಳನ್ನು ಬಳಸಬಾರದು; ಇಟ್ಟಿಗೆ ಕೆಂಪನ್ನು ಕಡುಗೆಂಪಾಗಿ ತೋರಿಸಿ ಮಾರಿದ ಹಾರ ಮನೆಗೇ ಮರಳುತ್ತದೆ.

ಹೆಸರು ಮತ್ತು ವಿವರ

‘ಸುಂದರ ಲೇಡೀಸ್ ಹಾರ, ಬೆಸ್ಟ್ ಕ್ವಾಲಿಟಿ’ ಎಂಬ ಹೆಸರಿನಿಂದ ಏನೂ ತಿಳಿಯದು, ಹಾಗೆಂದು ಹುಡುಕುವವರೂ ಇಲ್ಲ. ‘ಕವಡೆ ಮತ್ತು ಗಾಜಿನ ಮಣಿಯ ಹಾರ, ಲಂಬಾಣಿ ಶೈಲಿ, ಕೈಯಿಂದ ಪೋಣಿಸಿದ್ದು, ಕೆಂಪು-ನೀಲಿ, ಉದ್ದ 45 ಸೆಂ.ಮೀ.’ ಎಂದು ಬರೆದರೆ ಸಾಮಗ್ರಿ, ಶೈಲಿ, ಬಣ್ಣ, ಅಳತೆ ನಾಲ್ಕೂ ಬಂದವು. ಮುಖ್ಯವಾದ ಪದಗಳು ಮೊದಲಿಗೇ ಇರಬೇಕು, ಏಕೆಂದರೆ ಫೋನಿನ ಪರದೆಯಲ್ಲಿ ಉದ್ದನೆಯ ಹೆಸರಿನ ಕೊನೆಯ ಭಾಗ ಕಾಣುವುದಿಲ್ಲ. ಹೊರ ರಾಜ್ಯದ ಗಿರಾಕಿಗಳಿಗಾಗಿ ಇದನ್ನೇ ಇಂಗ್ಲಿಷ್ ಮತ್ತು ಹಿಂದಿಯಲ್ಲಿಯೂ ಕೊಡಬೇಕು. ಶಾಲೆಗೆ ಹೋಗುವ ಮಗಳ ನೆರವು ಇಲ್ಲಿ ಧಾರಾಳವಾಗಿ ಸಿಗುತ್ತದೆ.

ಅಳತೆಯಲ್ಲಿ ಅಂದಾಜು ಕೂಡದು. ಹಾರದ ಉದ್ದವನ್ನು ಕೊಂಡಿಯಿಂದ ಕೊಂಡಿಗೆ ಅಳೆದು, ಪದಕವನ್ನು ಬೇರೆಯಾಗಿ ಬರೆಯಬೇಕು. ಓಲೆಗಳಾದರೆ ಒಂದೊಂದರ ತೂಕ ಗ್ರಾಂನಲ್ಲಿ ಇರಬೇಕು. ಭಾರದ ಓಲೆಯಿಂದ ಕಿವಿ ನೋಯುತ್ತದೆಂದು ಕೊಳ್ಳುವವರು ಇದನ್ನೇ ಮೊದಲು ನೋಡುತ್ತಾರೆ. ಬಳೆಗಳ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಅಂಗಡಿಯ 2-4 ಎಂದರೆ ಎರಡು ಅಂಗುಲದ ಮೇಲೆ ಹದಿನಾರರಲ್ಲಿ ನಾಲ್ಕು ಭಾಗ, ಅಂದರೆ ಎರಡೂಕಾಲು ಅಂಗುಲ ಒಳವ್ಯಾಸ. ಮಿಲಿಮೀಟರಿನಲ್ಲಿ 2-2 ಸುಮಾರು 54, 2-4 ಸುಮಾರು 57, 2-6 ಸುಮಾರು 60, 2-8 ಸುಮಾರು 63.5 ಆಗುತ್ತದೆ. ಎರಡು ಅಳತೆಗಳ ನಡುವಿನ ಅಂತರ ಬರೀ ಮೂರು ಮಿಲಿಮೀಟರಿನಷ್ಟು. ಹೊರವ್ಯಾಸ ಅಳೆದು ಬರೆದರೆ ಬಳೆ ಕೈಗೆ ಏರುವುದಿಲ್ಲ. ಎರಡೂ ಲೆಕ್ಕದಲ್ಲಿ ಬರೆಯುವುದು ಲೇಸು.

ಸಾಮಗ್ರಿಯ ಹೆಸರಿನಲ್ಲಿ ಪ್ರಾಮಾಣಿಕತೆ ಇರಬೇಕು. ಜರ್ಮನ್ ಸಿಲ್ವರ್ ಎಂಬುದು ತಾಮ್ರ, ನಿಕ್ಕೆಲ್ ಮತ್ತು ಸತುಗಳ ಮಿಶ್ರಲೋಹ. ಅದರಲ್ಲಿ ಬೆಳ್ಳಿ ಇಲ್ಲ. ಇದನ್ನು ‘ಬೆಳ್ಳಿ ಆಭರಣ’ ಎಂದರೆ ಅದು ಮೋಸವೇ ಸರಿ. ನಿಕ್ಕೆಲ್‌ನಿಂದ ಕೆಲವರ ಚರ್ಮಕ್ಕೆ ತುರಿಕೆಯೂ ಬರುತ್ತದೆ, ಆದ್ದರಿಂದ ತಿಳಿಸುವುದು ಅಗತ್ಯ. 925 ಎಂದು ಬರೆಯಬೇಕಾದರೆ ಸಾವಿರ ಭಾಗದಲ್ಲಿ 925 ಭಾಗ ಬೆಳ್ಳಿ ಇರಬೇಕು. ಬಿಳಿಯ ಪ್ಲಾಸ್ಟಿಕ್ ಬಳೆಗೆ ‘ದಂತದ ಬಳೆ’ ಎಂಬ ಹೆಸರನ್ನು ಎಂದೂ ಕೊಡಬಾರದು. ದಂತದ ವ್ಯಾಪಾರ ಕಾನೂನಿನಲ್ಲಿ ನಿಷಿದ್ಧವಾಗಿರುವುದರಿಂದ ಅನಾವಶ್ಯಕ ತೊಂದರೆ ಬರುತ್ತದೆ.

ಊರು ಮತ್ತು ಕೈಗಳ ಬಗ್ಗೆ ಎರಡು ಸಾಲು ಬರೆಯುವುದು ಒಳ್ಳೆಯದು. ಯಂತ್ರದ ಅಗ್ಗದ ನಕಲುಗಳೊಡನೆ ಬೆಲೆಯಲ್ಲಿ ಸ್ಪರ್ಧಿಸಲಾಗದು, ಇದರಲ್ಲಿ ಮಾತ್ರ ಸಾಧ್ಯ. ಯಾವ ತಾಲ್ಲೂಕು, ಎಷ್ಟು ಗಂಟೆಯ ಕೆಲಸ, ಯಾರು ಮಾಡಿದ್ದು ಎಂಬುದನ್ನು ಇದ್ದಂತೆ ಹೇಳಬೇಕು. ಆದರೆ ‘ಸಂಡೂರು ಲಂಬಾಣಿ ಕಸೂತಿ’ ಭೌಗೋಳಿಕ ಸೂಚಕವಾಗಿ ನೋಂದಣಿಯಾದ ಹೆಸರು. ಕುಷ್ಟಗಿಯಲ್ಲಿ ಪೋಣಿಸಿದ ಮಣಿ ಹಾರಕ್ಕೆ ಅದನ್ನು ಅಂಟಿಸುವಂತಿಲ್ಲ, ಕಿನ್ನಾಳದ ಗೊಂಬೆಯ ಹೆಸರನ್ನು ಬೇರೆ ಊರಿನ ಗೊಂಬೆಗೆ ಇಡಬಾರದಂತೆಯೇ. ಇನ್ನು ಅಜ್ಜಿಯ ಕಾಲದ ಹಳೆಯ ಬೆಳ್ಳಿಯ ಒಡವೆಗಳನ್ನು ಪುಟಕ್ಕೆ ಹಾಕಿ ಮಾರುವುದು ಉಪಕಸುಬಲ್ಲ. ಅವು ಹೊಸ ಮಾದರಿಗಳಿಗೆ ಬೀಜವಿದ್ದಂತೆ, ಮನೆಯಲ್ಲೇ ಇರಲಿ.

ಕಾಲ ಮತ್ತು ಮಾರುಕಟ್ಟೆ

ಬಿತ್ತನೆಗೆ ಹದವಿರುವಂತೆ ಮಾರಾಟಕ್ಕೂ ಹದವಿದೆ. ನವರಾತ್ರಿಯ ಗರ್ಬಾ ಕುಣಿತಕ್ಕೆಂದು ಗುಜರಾತ್, ಮುಂಬಯಿ ಕಡೆಯವರು ಕವಡೆ-ಕನ್ನಡಿಯ ಆಭರಣಗಳನ್ನು ಹುಡುಕುತ್ತಾರೆ. ಹಬ್ಬ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬರುವುದರಿಂದ ಪುಟಗಳು ಆಗಸ್ಟ್ ಮಧ್ಯದೊಳಗೆ ಸಿದ್ಧವಾಗಿರಬೇಕು. ಅದು ಕಳೆ ತೆಗೆಯುವ ಕಾಲವಾದ್ದರಿಂದ ಸರಕನ್ನು ಬೇಸಿಗೆಯಲ್ಲೇ ಮಾಡಿಟ್ಟುಕೊಳ್ಳುವುದು ಜಾಣತನ.

ಖಾಸಗಿ ತಾಣಗಳಲ್ಲದೆ ಕೇಂದ್ರ ಜವಳಿ ಮಂತ್ರಾಲಯದ ‘ಇಂಡಿಯಾ ಹ್ಯಾಂಡ್‌ಮೇಡ್’, ಸ್ವಸಹಾಯ ಸಂಘಗಳಿಗಾಗಿ ಗ್ರಾಮೀಣಾಭಿವೃದ್ಧಿ ಮಂತ್ರಾಲಯದ ‘ಇ-ಸರಸ್’ ತಾಣಗಳಿವೆ. ಕರಕುಶಲಕರ್ಮಿಗಳಿಗೆ ಕೊಡುವ ‘ಪೆಹಚಾನ್’ ಗುರುತಿನ ಚೀಟಿಯನ್ನು ಮಾಡಿಸಿಕೊಳ್ಳಬೇಕು. ಹೊರ ರಾಜ್ಯಕ್ಕೆ ಕಳುಹಿಸುವ ಮೊದಲು ಜಿ.ಎಸ್.ಟಿ. ನೋಂದಣಿಯ ವಿಷಯವನ್ನು ಬಲ್ಲವರಲ್ಲಿ ಕೇಳಿ ತಿಳಿಯಬೇಕು.

ಕಟ್ಟು ಮತ್ತು ವಿಳಾಸ

ಹಲವು ಕೊರಿಯರ್ ಸಂಸ್ಥೆಗಳು ಡಬ್ಬಿಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿ, ಬಂದದ್ದನ್ನು ಕಿಲೋ ಎಂದು ಎಣಿಸುತ್ತವೆ. ಇದರಲ್ಲೂ ನಿಜವಾದ ತೂಕದಲ್ಲೂ ಯಾವುದು ಹೆಚ್ಚೋ ಅದಕ್ಕೆ ಹಣ. 80 ಗ್ರಾಂ ಹಾರವನ್ನು 30×20×10 ಡಬ್ಬಿಯಲ್ಲಿಟ್ಟರೆ 1.2 ಕಿಲೋ ಆಯಿತು. 15×10×4 ಡಬ್ಬಿಯಲ್ಲಾದರೆ 120 ಗ್ರಾಂ ಮಾತ್ರ. ಪುಟದಲ್ಲಿ ಕಟ್ಟಿನ ಅಳತೆ ಕೇಳುವಲ್ಲಿ ಈ ಚಿಕ್ಕ ಡಬ್ಬಿಯ ಅಳತೆಯನ್ನೇ ತುಂಬಬೇಕು.

ಯಲಬುರ್ಗಾ ಸೀಮೆಯ ಮಂಗಳೂರಿನವರು ಇನ್ನೊಂದು ಮಾತನ್ನು ನೆನಪಿಡಬೇಕು. ಬರೀ ‘ಮಂಗಳೂರು’ ಎಂದು ವಿಳಾಸ ಕೊಟ್ಟರೆ ಗಿರಾಕಿಯೂ ಸಾಗಣೆಯವನೂ ಕರಾವಳಿಯ ಮಂಗಳೂರೆಂದೇ ತಿಳಿಯುತ್ತಾರೆ, ವಾಪಸಾದ ಕಟ್ಟು ಸಮುದ್ರ ದಂಡೆಗೆ ಹೋಗಿ ಕೂರುವ ಸಂಭವವಿದೆ. ತಾಲ್ಲೂಕು, ‘ಕೊಪ್ಪಳ ಜಿಲ್ಲೆ’ ಮತ್ತು 583ರಿಂದ ಆರಂಭವಾಗುವ ತಮ್ಮ ಅಂಚೆ ಕಚೇರಿಯ ಪಿನ್ ಸಂಖ್ಯೆಯನ್ನು ತಪ್ಪದೆ ಬರೆಯಬೇಕು. ಕರಾವಳಿಯ ಆ ನಗರದ ಪಿನ್ 575ರಿಂದ ಆರಂಭವಾಗುತ್ತದೆ.