ಅರಿಶಿನ, ಬಿಸಿಲು, ಸೋಪಿನ ನೊರೆ

ಹೋದ ವರ್ಷ ಪರಿಸರ ದಿನಕ್ಕೆ ನಮ್ಮ ತಂಡ ಒಂದು ಮಾಡೆಲ್ ಮಾಡಿತ್ತು. ಥರ್ಮಾಕೋಲ್ ಬೆಟ್ಟ, ಗ್ಲಿಟರ್ ಸುರಿದ ನದಿ, ಮೇಲೆ ಹಸಿರು ಅಕ್ಷರದಲ್ಲಿ ‘ಪ್ರಕೃತಿ ಉಳಿಸಿ’. ಬಹುಮಾನವೂ ಬಂತು! ಸಂಜೆ ಅದನ್ನ ಎಲ್ಲಿಡೋದು ಅಂತ ತಿಳಿಯದೆ ಹಾಸ್ಟೆಲ್ ಹಿಂದಿನ ಕಸದ ರಾಶಿಗೆ ಹಾಕಿದೆವು. ರಾತ್ರಿ ಮಳೆ ಬಂತು. ಬೆಳಗ್ಗೆ ನೋಡಿದರೆ ಚರಂಡಿ ತುಂಬಾ ಬಿಳಿ ಕಾಳುಗಳು ತೇಲಾಡ್ತಿದ್ದವು. ಆ ನೀರು ಯಾವುದೋ ಕೆರೆಗೇ ಹೋಗೋದು, ಅಲ್ವಾ?

ಬಣ್ಣ, ಕಾಗದ, ಎಲೆ, ದಾರ, ಲೋಹ ಎಲ್ಲವನ್ನೂ ಒಂದೇ ಕೃತಿಯಲ್ಲಿ ಸೇರಿಸುವುದಕ್ಕೆ ಮಿಕ್ಸೆಡ್ ಮೀಡಿಯಾ ಅನ್ನುತ್ತಾರೆ. ಇಲ್ಲಿ ‘ಏನನ್ನು ತೋರಿಸ್ತೀವಿ’ ಅನ್ನುವುದಕ್ಕಿಂತ ಮೊದಲು ‘ಯಾವುದರಿಂದ ಮಾಡ್ತೀವಿ’ ಎಂದು ಕೇಳಿಕೊಳ್ಳಬೇಕು. ವಸ್ತುವೇ ವಿಷಯ ಹೇಳಿದರೆ ಘೋಷಣೆ ಬರೆಯುವ ಕೆಲಸವೇ ಇರುವುದಿಲ್ಲ.

ಬೆಳ್ಳಂದೂರು ಕೆರೆಯನ್ನೇ ತೆಗೆದುಕೊಳ್ಳೋಣ. ಅದರ ನೊರೆ ರಸ್ತೆಗೆ ಹಾರಿ ಬಂದದ್ದನ್ನು ವಿಡಿಯೋದಲ್ಲಾದರೂ ನೋಡಿರ್ತೀರಿ. 2015ರಲ್ಲಿ ಆ ನೊರೆಗೆ ಬೆಂಕಿ ಹತ್ತಿತ್ತು. 2017ರ ಫೆಬ್ರವರಿಯಲ್ಲಿ ಕೆರೆಯಿಂದ ಮತ್ತೆ ದಟ್ಟ ಹೊಗೆ ಎದ್ದಿತು. ಸಂಸ್ಕರಣೆಯಾಗದ ಕೊಳಚೆ ನೀರಿನ ಜೊತೆ ನಮ್ಮ ಬಟ್ಟೆ, ಪಾತ್ರೆ ತೊಳೆದ ಡಿಟರ್ಜೆಂಟ್ ಕೆರೆ ಸೇರುತ್ತದೆ. ಕೋಡಿಯಲ್ಲಿ ನೀರು ಧುಮುಕಿದಾಗ ಗಾಳಿ ಬೆರೆತು ನೊರೆ ಏಳುತ್ತದೆ. ಈ ಕೆರೆಯ ಚಿತ್ರ ಬರೆಯಲು ಡಿಟರ್ಜೆಂಟ್ ನೊರೆಗಿಂತ ಒಳ್ಳೆಯ ಕುಂಚ ಯಾವುದಿದೆ?

ಅರಿಶಿನದ ಕಲೆಗೆ ಸೋಪು ಹಾಕಿದರೆ ಕೆಂಪಾಗುವುದನ್ನು ಬಟ್ಟೆ ಒಗೆದವರೆಲ್ಲ ಕಂಡಿದ್ದಾರೆ. ಕ್ಷಾರ ತಗುಲಿದರೆ ಅರಿಶಿನ ಬಣ್ಣ ಬದಲಿಸುತ್ತದೆ. ಜೊತೆಗೆ ಬಿಸಿಲಿಗೆ ಬಿಳಿಚಿಕೊಳ್ಳುತ್ತದೆ. ಈ ಎರಡು ಗುಣ ನಮಗೆ ಸಾಕು. ಸಸ್ಯರಸದಿಂದ ಹೀಗೆ ಚಿತ್ರ ಮೂಡಿಸುವ ಪ್ರಯೋಗಗಳನ್ನು ಜಾನ್ ಹರ್ಷೆಲ್ 1842ರಲ್ಲೇ ಪ್ರಕಟಿಸಿದ್ದರು. ಅದೇ ವರ್ಷ ಅವರು ಕಂಡುಹಿಡಿದ ಸಯನೋಟೈಪ್‌ನಿಂದಲೇ ಮುಂದೆ ನಮ್ಮ ಬ್ಲೂಪ್ರಿಂಟ್ ಬಂತು. ಅಂದರೆ ಇದು ನಮ್ಮ ಡ್ರಾಯಿಂಗ್ ಹಾಲ್‌ಗೆ ಹೊರಗಿನ ವಿಷಯವೇನಲ್ಲ.

ಎರಡು ಚಮಚ ಅರಿಶಿನವನ್ನು ಸುಮಾರು 50 ಮಿ.ಲೀ. ನೀರಿನಂಥ ಸ್ಯಾನಿಟೈಸರ್‌ನಲ್ಲಿ ಕಲಸಿ, ಹತ್ತು ನಿಮಿಷ ಬಿಟ್ಟು ಬಟ್ಟೆಯಲ್ಲಿ ಸೋಸಿ. (ಜೆಲ್ ಬೇಡ. ಹತ್ತಿರ ಬೆಂಕಿ ಇರಲೇಬಾರದು.) ದಪ್ಪ ಡ್ರಾಯಿಂಗ್ ಶೀಟಿಗೆ ಎರಡು ಸಲ ಬಳಿದು ಕಪಾಟಿನ ಕತ್ತಲಲ್ಲಿ ಒಣಗಿಸಿ. ಅದರ ಮೇಲೆ ಉದುರಿದ ಹೊಂಗೆ ಎಲೆ, ಗುಟ್ಕಾ ಪ್ಯಾಕೆಟ್, ಹರಿದ ಸೊಳ್ಳೆ ಪರದೆಯ ಚೂರು ಜೋಡಿಸಿ, ಗಾಜು ಮುಚ್ಚಿ, ಕ್ಲಿಪ್ ಹಾಕಿ ಟೆರೇಸ್ ಮೇಲಿಡಿ. ಕೆರೆಗೇ ಇಳಿದು ಕಸ ಆರಿಸಬೇಡಿ. ಕಾಲೇಜು ಗೇಟಿನ ಹೊರಗೆ ಬೇಕಾದಷ್ಟಿದೆ, ಗ್ಲೌಸ್ ಹಾಕಿ ಎತ್ತಿ, ತೊಳೆದು ಒಣಗಿಸಿ. ಹಸಿ ಎಲೆ ಇಡಬೇಡಿ. ನಾನು ಇಟ್ಟು, ಅದು ಬೆವರಿ, ಶೀಟೆಲ್ಲ ಮಚ್ಚೆ ಮಚ್ಚೆ ಆಯ್ತು.

ಮಧ್ಯಾಹ್ನದ ಬಿಸಿಲಿಗೆ ಎರಡು ಮೂರು ಗಂಟೆ ಬೇಕಾಗಬಹುದು. ಗಡಿಯಾರ ನೋಡಬೇಡಿ, ಕಾಗದ ನೋಡಿ: ತೆರೆದ ಭಾಗ ಚೆನ್ನಾಗಿ ಬಿಳಿಚಿರಬೇಕು. ವಸ್ತುಗಳನ್ನು ಎತ್ತಿದಾಗ ನನಗೆ ಮೈ ಜುಮ್ಮೆಂದದ್ದು ಒಂದು ಕಾರಣಕ್ಕೆ. ಎಲೆಯ ನೆರಳಿಗೂ ಗುಟ್ಕಾ ಪ್ಯಾಕೆಟ್ಟಿನ ನೆರಳಿಗೂ ಬಣ್ಣ ಒಂದೇ! ಅಂಚು ನೋಡಿಯೇ ಯಾವುದು ಯಾವುದೆಂದು ಹೇಳಬೇಕು.

ಈಗ ಒಂದು ಚಿಟಿಕೆ ಡಿಟರ್ಜೆಂಟ್ ಪುಡಿಯನ್ನು ಸ್ವಲ್ಪ ನೀರಲ್ಲಿ ಕಲಕಿ, ಬರೀ ನೊರೆಯನ್ನು ಚಮಚದಿಂದ ಅಲ್ಲಲ್ಲಿ ಇಡಿ. ಗುಳ್ಳೆ ಒಡೆದಲ್ಲೆಲ್ಲ ಕೆಂಪು ಉಂಗುರ ಮೂಡುತ್ತದೆ, ನೆರಳಿನ ಜಾಗದಲ್ಲಿ ಹೆಚ್ಚು ಗಾಢವಾಗಿ. ನೀರನ್ನೇ ಸುರಿದರೆ ಎಲ್ಲ ಕಲಸಿಹೋಗುತ್ತದೆ. ಆಮೇಲೆ ತೊಳೆಯಲೂಬೇಡಿ, ಕೆಂಪು ಹೋಗಿಬಿಡುತ್ತದೆ.

ಒಣಗಿದ ಮೇಲೆ ಹಳೆಯ ಮೋಟಾರಿನ ವೈಂಡಿಂಗ್ ತಂತಿಯಿಂದ ಒಂದು ಗೆರೆ ಹೊಲಿಯಿರಿ: ಬೆಳ್ಳಂದೂರು, ಅಲ್ಲಿಂದ ವರ್ತೂರು, ಅಲ್ಲಿಂದ ದಕ್ಷಿಣ ಪಿನಾಕಿನಿ. ನೀರು ಹೋಗುವ ದಾರಿ ಅದೇ. ಹಳೆ ಸರ್ಕ್ಯೂಟ್ ಬೋರ್ಡ್ ಸೇರಿಸೋ ಆಸೆ ಇದ್ದರೆ ಇಡಿಯಾಗಿ ಅಂಟಿಸಿ. ಕತ್ತರಿಸಿದರೆ ಏಳುವ ಗಾಜಿನ ನಾರಿನ ಧೂಳು ಶ್ವಾಸಕೋಶಕ್ಕೆ ಒಳ್ಳೇದಲ್ಲ.

ಈ ಚಿತ್ರ ಉಳಿಯುವುದಿಲ್ಲ. ಬೆಳಕು ಬೀಳುವ ಕಾರಿಡಾರಿನಲ್ಲಿ ತೂಗುಹಾಕಿದರೆ ದಿನದಿನಕ್ಕೂ ಮಾಸುತ್ತದೆ. ಲ್ಯಾಮಿನೇಟ್ ಮಾಡಿಸೋಣ ಅಂತ ಗೆಳೆಯನೊಬ್ಬ ಹೇಳಿದ, ನಾನು ಒಪ್ಪಲಿಲ್ಲ. ಫೋಟೋ ತೆಗೆದಿಟ್ಟು ಮಾಸಲು ಬಿಟ್ಟೆ. ಕೆಳಗಿನ ಚೀಟಿಯಲ್ಲಿ ಶೀರ್ಷಿಕೆ ಹಾಕಲಿಲ್ಲ, ವಸ್ತುಗಳ ಪಟ್ಟಿ ಮಾತ್ರ ಬರೆದೆ: ಅರಿಶಿನ, ಹೊಂಗೆ ಎಲೆ, ಗುಟ್ಕಾ ಪ್ಯಾಕೆಟ್, ತಾಮ್ರದ ತಂತಿ, ನಮ್ಮ ಹಾಸ್ಟೆಲಿನ ಸೋಪಿನ ಪುಡಿ.